ಬಣ್ಣ ಹಾರಿದ ಹಳೇ ಫೈಬರ್ ಬೋಟ್: ಪೇಂಟ್ ಹೊಡೀಬೇಕೋ, ಉಜ್ಜಿ ಹೊಳಪ ತರಬೇಕೋ?

ಹಿನ್ನೀರ_ದಂಡಿ
ಎಲ್ಲಾರಿಗೂ ನಮಸ್ಕಾರ್ರಿ. 16 ಅಡಿ ಫೈಬರ್ ಬೋಟ್ ಐತಿ, 80ರ ದಶಕದ್ದು. ನಿಡಗುಂದಿ ಕಡೆ ಆಲಮಟ್ಟಿ ಹಿನ್ನೀರ ದಂಡಿ ಮ್ಯಾಲ ವರ್ಷಾನುಗಟ್ಟಲೆ ಬಿಸಲಾಗ ಬಿದ್ದಿದ್ದು. ತಳ ಗಟ್ಟಿ ಐತಿ, ಎಲ್ಲೂ ಸೋರೂದಿಲ್ಲ. ಆದ್ರ ಬಾಜೂದ ಕೆಂಪ ಬಣ್ಣ ಗುಲಾಬಿ ಆಗೇತಿ, ಕೈ ಆಡಿಸಿದ್ರ ಪುಡಿ ಬರತೈತಿ. ಮ್ಯಾಲಿನ ಬಿಳಿ ಡೆಕ್ ಹಳದಿ ತಿರಗೇತಿ. ನೀರಿನ ಗೆರಿ ಹತ್ರ ಕಂದ ಕಲೆ, ಅದರ ಮ್ಯಾಲ ಸುಣ್ಣದಂಥಾ ಕರಿ. ಮುಂದಿನ ಮೂತಿ ಹತ್ರ ಸಣ್ಣ ಬಿರುಕು ಅದಾವ.

ಪೇಂಟರ್ ಹೇಳೂದು: ಎನಾಮಲ್ ಎರಡ ಕೋಟ್ ಹೊಡದ್ರ ಮುಗೀತು. ಗ್ಯಾರೇಜ್‌ದವ್ರು ಹೇಳೂದು: ಗ್ರೈಂಡರ್‌ಗೆ ಬಫ್ ಹಾಕಿ ಒಂದ ತಾಸಿನ್ಯಾಗ ಹೊಳಿಸಿ ಕೊಡ್ತೀವಿ. ಯಾರ ಮಾತ ಕೇಳ್ಲಿ? ಸಾಮಾನ ಏನೇನ ಬೇಕು, ಎಷ್ಟ ಬೇಕು?

ಉದ್ಯಮಬಾಗ_ಬಫರ್
ಇಬ್ಬರ ಮಾತೂ ಬ್ಯಾಡ. 4 ಇಂಚಿನ ಗ್ರೈಂಡರ್ 11,000 ಆರ್‌ಪಿಎಂ ತಿರಗತೈತಿ. ಬೋಟಿಗೆ ಬೇಕಾದ್ದು 1,000ದಿಂದ 1,500. ಗ್ರೈಂಡರ್ ಹಚ್ಚಿದ್ರ ಎರಡ ಸೆಕೆಂಡಿನ್ಯಾಗ ಮೇಲ್ಪದರ ಸುಟ್ಟು ಹಳದಿ ಆಗತೈತಿ, ಅಂಚಿನ ಮ್ಯಾಲ ಅಂತೂ ನಾರು ಕಾಣಿಸಿ ಬಿಡತೈತಿ.

ರೆಸಿನ್_ರಾಯ
ಮೊದಲು ಅದು ಏನು ಅಂತ ತಿಳ್ಕೊಳ್ರಿ. ಬೋಟಿನ ಮೇಲೆ ಕಾಣೋದು ಪೇಂಟ್ ಅಲ್ಲ, ಗೆಲ್‌ಕೋಟ್. ಅಚ್ಚಿನ ಒಳಗೆ ಮೊದಲು ಬಣ್ಣ ಕಲಸಿದ ಪಾಲಿಯೆಸ್ಟರ್ ರೆಸಿನ್ ಹೊಡೆದು, ಅದರ ಹಿಂದೆ ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ಕೂರಿಸಿರ್ತಾರೆ. ಸಾಮಾನ್ಯವಾಗಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕಾರಿನ ಮೇಲಿನ ಕ್ಲಿಯರ್ ಕೋಟ್ ಸುಮಾರು ಅದರ ಹತ್ತನೇ ಒಂದು ಭಾಗ. ಹಾಗಾಗಿ ಉಜ್ಜೋದಕ್ಕೆ ಜಾಗ ಇದೆ, ಆದರೆ ಅಳತೆ ಮೀರಿ ಇಲ್ಲ.

ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣ ಮೇಲಿನ ರೆಸಿನ್ನಿನ ಸರಪಣಿ ಮುರೀತದೆ. ರೆಸಿನ್ ಹೋದ ಮೇಲೆ ಬಣ್ಣದ ಕಣ ಹಿಡಿದಿಡೋದು ಏನೂ ಇರೋದಿಲ್ಲ, ಅದೇ ನಿಮ್ಮ ಕೈಗೆ ಬರೋ ಪುಡಿ. ಒಳಗೆ ಬಣ್ಣ ಹಾಗೇ ಇದೆ. 80ರ ದಶಕದ ಬೋಟುಗಳಲ್ಲಿ ಆರ್ಥೋ (ಸಾಧಾರಣ ದರ್ಜೆಯ ಪಾಲಿಯೆಸ್ಟರ್) ರೆಸಿನ್ನಿನ ಗೆಲ್‌ಕೋಟ್ ಬಹಳ. ಈಗಿನ ಮೇಲ್ದರ್ಜೆಯ ಐಸೋ-ಎನ್‌ಪಿಜಿ ಗೆಲ್‌ಕೋಟ್ ಬಿಸಿಲು, ನೀರು ಎರಡನ್ನೂ ಹೆಚ್ಚು ತಡೀತದೆ. ಅದರಲ್ಲೂ ಕೆಂಪು ಬೇಗ ಮಾಸೋ ಬಣ್ಣ.

ಪರೀಕ್ಷೆ ಸುಲಭ. ಒಂದು ಜಾಗ ಒದ್ದೆ ಮಾಡಿ. ಒದ್ದೆ ಇರೋವಾಗ ಹಳೇ ಕೆಂಪು ಎದ್ದು ಬಂದರೆ ಉಜ್ಜಿ ಉಳಿಸಬಹುದು. ಒದ್ದೆಯಲ್ಲೂ ಗುಲಾಬಿಯೇ ಇದ್ದರೆ ಮಾಸಿದ್ದು ಆಳಕ್ಕೆ ಇಳಿದಿದೆ.

ಎರಿ_ಹೊಲ
ಇದಕ್ಕೂ ಮೊದ್ಲ ಒಂದ ಕೆಲಸ. ನಡುವ ಯಾರಾದ್ರೂ ಪೇಂಟ್ ಹೊಡದಾರೇನ ನೋಡ್ರಿ. 40 ವರ್ಷದ ಬೋಟ್, ಕೈ ಬದಲಾಗಿರತೈತಿ. ಬಿಳಿ ಅರಿಬಿಗೆ ಅಸಿಟೋನ್ ಹಾಕಿ ಯಾರಿಗೂ ಕಾಣದ ಜಾಗದಾಗ ಅರ್ಧ ನಿಮಿಷ ತಿಕ್ಕ್ರಿ. ಬಣ್ಣ ಮೆತ್ತಗಾಗಿ ಅರಿಬಿಗೆ ಬಂದ್ರ ಅದು ಪೇಂಟ್.

ರೆಸಿನ್_ರಾಯ
ಅರ್ಧ ಸರಿ. ಎನಾಮಲ್ ಮೆತ್ತಗಾಗತದೆ. ಎರಡು ಡಬ್ಬಿ ಕಲಸಿ ಹೊಡೆಯೋ 2ಕೆ ಪಿಯು ಪೇಂಟಿಗೆ ಅಸಿಟೋನ್ ಏನೂ ಮಾಡೋದಿಲ್ಲ. ಮಾಸಿದ ಗೆಲ್‌ಕೋಟಿನ ಪುಡಿಯೂ ಅರಿವೆಗೆ ಬಂದು ಮೋಸ ಮಾಡತದೆ, ಆದರೆ ಅದು ಅಂಟಂಟಾಗಿ ಇರೋದಿಲ್ಲ. ಖಾತ್ರಿ ಬೇಕಂದ್ರೆ ಹಗ್ಗ ಕಟ್ಟೋ ಕ್ಲೀಟ್ ಅಥವಾ ಹುಕ್ ಬಿಚ್ಚಿ, ಬೋಲ್ಟಿನ ತೂತಿನ ಅಂಚು ಭೂತಗನ್ನಡಿಯಲ್ಲಿ ನೋಡಿ. ಒಂದೇ ದಪ್ಪ ಬಣ್ಣದ ಪದರ ನೇರ ನಾರಿಗೆ ಸೇರಿದ್ರೆ ಗೆಲ್‌ಕೋಟ್. ತೆಳುವಾದ ಗೆರೆಗೆರೆ ಪದರ ಇದ್ರೆ ಪೇಂಟ್.

ಹಿನ್ನೀರ_ದಂಡಿ
ಒದ್ದಿ ಮಾಡಿದ್ರ ಕೆಂಪ ಬರತೈತ್ರಿ. ಹಿಂದಿನ ಮೂಲ್ಯಾಗ ಒಂದ ಹುಕ್ ಬಿಚ್ಚಿ ನೋಡಿದ್ರ ಒಂದ ಪದರ.

ಉದ್ಯಮಬಾಗ_ಬಫರ್
ಹಂಗಾದ್ರ ಪೇಂಟ್ ಮಾತ ಬಿಡ್ರಿ. ಉಜ್ಜೂದ ಐತಿ.

ಘಟಪ್ರಭಾ_ಗಾಳ
ತೊಳೀದ ಉಜ್ಜಾಕ ಹತ್ತಬ್ಯಾಡ್ರಿ. ಹಳೇ ವ್ಯಾಕ್ಸ್, ಸಿಲಿಕೋನ್ ಪಾಲಿಶ್, ಎಣ್ಣಿ ಏನರ ಇದ್ರ ವಾಟರ್ ಪೇಪರ್ (ನೀರ ಹಚ್ಚಿ ಉಜ್ಜೂ ಸ್ಯಾಂಡ್ ಪೇಪರ್) ಅದನ್ನ ಒಳಗ ತುರುಕತೈತಿ. ಪಾತ್ರಿ ತಿಕ್ಕೂ ಲಿಕ್ವಿಡ್ ಹಾಕಿ ತೊಳದು ಒಣಗಸ್ರಿ. ಆಮ್ಯಾಲ ಎರಡ ಅರಿಬಿ ಹಿಡೀರಿ: ಒಂದಕ್ಕ ಎಂಟಿಓ (ಮಿನರಲ್ ಟರ್ಪೆಂಟೈನ್ ಎಣ್ಣಿ) ಹಾಕಿ ಒರಸೂದು, ಅದು ಆರೂ ಮೊದ್ಲ ಇನ್ನೊಂದ ಒಣಾ ಅರಿಬಿಲೆ ತೆಗಿಯೂದು. ಅರಿಬಿ ಪದೇಪದೇ ತಿರುವ್ರಿ, ಇಲ್ಲಂದ್ರ ಇಲ್ಲಿದ್ದ ಎಣ್ಣಿ ಅಲ್ಲಿಗೆ ಹೋಗತೈತಿ. ಕಡೀಕ ನೀರ ಹಾಕಿ ನೋಡ್ರಿ. ನೀರ ಹಾಳಿಯಂಗ ಹರಡಿದ್ರ ಸ್ವಚ್ಛ. ಹನಿ ಹನಿ ಕಟ್ಟಿದ್ರ ಇನ್ನೂ ಎಣ್ಣಿ ಐತಿ.

ಕಂದ ಕಲೆಕ್ಕ ಆಕ್ಸಾಲಿಕ್ ಆ್ಯಸಿಡ್. ಫರಸಿ, ಮೊಸಾಯಿಕ್ ಪಾಲಿಶ್ ಮಾಡೂವ್ರ ಹತ್ರ ಸಿಗತೈತಿ. ಒಂದ ಲೀಟರ್ ಬಿಸಿನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೀಟಿನ್ಯಾಗ. ಬ್ರಶ್‌ಲೆ ಹಚ್ಚಿ 10-15 ನಿಮಿಷ ಬಿಟ್ಟು ತೊಳೀರಿ.

ಬಾದಾಮಿ_ಕಲ್ಲು
ನಿಲ್ಲಿ ನಿಲ್ಲಿ. ಮೊದಲು ಸುಣ್ಣದ ಕರೆ ತೆಗೀಬೇಕು, ಆಮೇಲೆ ಆಕ್ಸಾಲಿಕ್. ಸುಣ್ಣದ ಮೇಲೆ ನೇರವಾಗಿ ಹಚ್ಚಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗಿ ಬಿಳಿ ಪೊರೆ ಕೂರತದೆ. ಅದು ನೀರಲ್ಲಿ ಕರಗೋದೇ ಇಲ್ಲ. ಕರೆಗೆ ಬಿಳಿ ವಿನೆಗರ್ ಸಾಕು. ಅಂಗಡಿದು 4-5 ಪರ್ಸೆಂಟ್ ಇರತದೆ, ನೀರು ಬೆರೆಸಬೇಡಿ. ಅರಿವೆ ಅದ್ದಿ ಕರೆ ಮೇಲೆ ಅಂಟಿಸಿ 20 ನಿಮಿಷ ಬಿಡಿ, ಪ್ಲಾಸ್ಟಿಕ್ ಚಮಚದಿಂದ ಕೆರೀರಿ. ಮತ್ತೆ ಮತ್ತೆ ಮಾಡಬೇಕಾಗತದೆ. ಚೆನ್ನಾಗಿ ತೊಳೆದ ಮೇಲೆ ಆಕ್ಸಾಲಿಕ್. ಕೊನೆಗೆ ತಿನ್ನೋ ಸೋಡಾ ಕಲಸಿದ ನೀರಿಂದ ಒಂದು ಸಲ ಒರೆಸಿ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಆಕ್ಸಾಲಿಕ್ ವಿಷ, ಅಡಿಗೆ ಮನೆ ಪಾತ್ರೆ ಮುಟ್ಟಿಸಬೇಡಿ. ಅಲ್ಯುಮಿನಿಯಂ ಪಟ್ಟಿ, ಟ್ರೇಲರಿನ ಗ್ಯಾಲ್ವನೈಸ್ ಮೇಲೆ ಬೀಳಬಾರದು. ಬ್ಲೀಚಿಂಗ್ ಪೌಡರ್ ಜೊತೆಗಂತೂ ಯಾವ ಆ್ಯಸಿಡ್ಡೂ ಸೇರಬಾರದು, ಕ್ಲೋರಿನ್ ಏಳತದೆ.

ತೆಪ್ಪದ_ತಮ್ಮಣ್ಣ
ಟಾಯ್ಲೆಟ್ ತೊಳಿಯೂ ಆ್ಯಸಿಡ್ ಹಾಕ್ರಿ, ಒಂದ ನಿಮಿಷದಾಗ ಹೋಗತೈತಿ.

ಬಾದಾಮಿ_ಕಲ್ಲು
ಕರೆ ಹೋಗತದೆ, ಜೊತೆಗೆ ಸ್ಟೀಲ್ ಬೋಲ್ಟಿನ ಹೊಳಪು, ಅಲ್ಯುಮಿನಿಯಂ ಪಟ್ಟಿಯೂ ಹೋಗತಾವೆ. ಬೇಡ.

ಎರಿ_ಹೊಲ
ಸುಣ್ಣದ ಕರಿ ನಾಕೈದ ಗೆರಿ ಇರತಾವು, ಯಾಕಂದ್ರ ಆಲಮಟ್ಟಿ ನೀರ ಮಳಿಗಾಲದಾಗ 519.60 ಮೀಟರ್‌ಗೆ ಏರತೈತಿ, ಬ್ಯಾಸಗ್ಯಾಗ ಇಳಿತೈತಿ. ನೀರ ಇಳದಂಗ ಒಂದೊಂದ ಗೆರಿ.

ಘಟಪ್ರಭಾ_ಗಾಳ
ಏನ್ರೀ ಇದು! ಬೋಟ್ ತೇಲತೈತಲ್ರಿ. ಡ್ಯಾಂ ನೀರ ಏರಿದ್ರೂ ಇಳದ್ರೂ ಬೋಟಿನ ಗೆರಿ ಅಲ್ಲೇ ಇರತೈತಿ. ನಾಕೈದ ಗೆರಿ ಬಿದ್ದಿದ್ರ ಅದು ಒಳಗಿನ ಭಾರದ್ದು: ಇಬ್ರ ಕುಂತಾಗ ಒಂದ, ಆರ ಮಂದಿ ಕುಂತಾಗ ಒಂದ, ಮಳಿನೀರ ತುಂಬಿದಾಗ ಮತ್ತೊಂದ.

ಎರಿ_ಹೊಲ
😄 ಕಂಬದ ಗೆರಿ ತಲ್ಯಾಗಿತ್ತು. ಒಪ್ಪಿದೆ.

ಗುಮ್ಮಟದ_ಗಾಳಿ
ವಿಜಯಪುರ ಕಡೆ ಬೋರ್ ನೀರಿಲೆ ತೊಳದ್ರ ಹೊಸಾ ಕರಿ ಬೀಳತಾವು. ಆರ್‌ಓ ಮಷಿನ್ನಿನ ವೇಸ್ಟ್ ನೀರ ಹಿಡಿದಿಟ್ಟು ತೊಳದ್ರ ನಡೀತೈತೇನು?

ಬಾದಾಮಿ_ಕಲ್ಲು
ಉಲ್ಟಾ ಆಯ್ತು. ಆರ್‌ಓ ಹೊರಗೆ ಬಿಡೋ ನೀರಲ್ಲಿ ಬೋರಿಗಿಂತ ಹೆಚ್ಚು ಸುಣ್ಣ ಇರತದೆ. ಕೊನೇ ತೊಳೆತಕ್ಕೆ ಹೊಳೆ ನೀರೇ ವಾಸಿ, ಆದರೆ ಮಣ್ಣು ತಳಕ್ಕೆ ಇಳಿಯೋ ತನಕ ಡ್ರಮ್ಮಿನಲ್ಲಿ ನಿಲ್ಲಿಸಿ, ಮೇಲಿನ ತಿಳಿ ತಗೊಳ್ಳಿ. ಎರೆ ಮಣ್ಣಿನ ಕಣ ಇದ್ದ ನೀರಲ್ಲಿ ವಾಟರ್ ಪೇಪರ್ ಹೊಡೆದರೆ 2000ದ ಪೇಪರ್ ಕೂಡ ಗೀರು ಹಾಕತದೆ.

ಕಾರ್_ಹೊಳಪು_ಬೆಳಗಾವಿ
ಇಷ್ಟೆಲ್ಲಾ ಯಾಕ್ರಿ. ಕಾರಿಗೆ ಮಾಡೂವಂಗ ನೇರ ಕಾಂಪೌಂಡ್ (ಉಜ್ಜಿ ಹೊಳಪ ತರೂ ಪೇಸ್ಟ್) ಹಚ್ಚಿ ಡ್ಯುಯಲ್ ಆ್ಯಕ್ಷನ್ (ತಿರಗೂತ ಅಲುಗಾಡೂ) ಮಷಿನ್ನಿಗೆ ಫೋಮ್ ಪ್ಯಾಡ್ ಹಾಕಿ ಹೊಡೀರಿ. ವಾಟರ್ ಪೇಪರ್ ಬ್ಯಾಡ, ಗೆಲ್‌ಕೋಟ್ ತೆಳ್ಳಗ ಆಗತೈತಿ.

ಉದ್ಯಮಬಾಗ_ಬಫರ್
ತಮ್ಮಾ, ಪುಡಿ ಕೈಗೆ ಬರೂವಷ್ಟ ಮಾಸಿದ ಗೆಲ್‌ಕೋಟಿಗೆ ಡ್ಯುಯಲ್ ಆ್ಯಕ್ಷನ್, ಫೋಮ್ ಹಚ್ಚಿದ್ರ ಸಂಜೀತನಾ ಹೊಡದ್ರೂ ಕೆಳಗಿನ ಗಟ್ಟಿ ಪದರ ಸಿಗೂದಿಲ್ಲ. ಮ್ಯಾಲಿನ ಪುಡಿ ಕಾಂಪೌಂಡ್ ಕುಡಕೊಂಡ ಬಿಡತೈತಿ. ಹೊಳದಂಗ ಕಾಣತೈತಿ, ಎರಡ ತಿಂಗಳಾಗ ಮತ್ತ ಗುಲಾಬಿ. ಸತ್ತ ಪದರ ತೆಗಿಯೂದು ಪೇಪರಿನ ಕೆಲಸ, ಹೊಳಪ ತರೂದು ಕಾಂಪೌಂಡಿನ ಕೆಲಸ.

ಆದ್ರ ನಿನ್ನ ಒಂದ ಮಾತ ಖರೆ ಐತಿ. ಮೊದ್ಲ ಮೆತ್ತಗಿನ ದಾರಿ ನೋಡಬೇಕು. 2 ಅಡಿ ಚೌಕ ಟೇಪ್ ಹಚ್ಚಿ ಬರೇ ಕಾಂಪೌಂಡ್, ಉಣ್ಣಿ ಪ್ಯಾಡ್ ಹೊಡದ ನೋಡೂದು. ಬಂತೋ, ಪೇಪರ್ ಬ್ಯಾಡ. ಬರಲಿಲ್ಲೋ, 1500 ಪೇಪರ್ (ನಂಬರ್ ಸಣ್ಣದಾದಷ್ಟ ಪೇಪರ್ ಒರಟ). ಅದಕ್ಕೂ ಬರಲಿಲ್ಲಂದ್ರ 1000. ಆಮ್ಯಾಲ 800. ಇವ್ರ ಬೋಟಿಗೆ 800ರಿಂದ ಚಾಲೂ ಮಾಡಬೇಕಾಗತೈತಿ ಅಂತ ನನ್ನ ಅಂದಾಜು. 600ಕ್ಕ ಇಳಿಯೂದಿದ್ರ ಭಾಳ ವಿಚಾರ ಮಾಡಿ ಇಳೀರಿ.

ಕಾರ್_ಹೊಳಪು_ಬೆಳಗಾವಿ
ಪರೀಕ್ಷಾ ಚೌಕ ಒಪ್ಪಿದೆ ಕಾಕಾ. ಉಣ್ಣಿ ಪ್ಯಾಡ್ ಗೀರು ಬಿಡತೈತಿ, ಕಡೀಗೆ ನನ್ನ ಫೋಮ್‌ಗೆ ಬರಬೇಕಾಗತೈತಿ ನೋಡ್ರಿ.

ಉದ್ಯಮಬಾಗ_ಬಫರ್
ಕಡೀಗೆ ಬಾ, ಮೊದ್ಲ ಬರಬ್ಯಾಡ.

ಮಲಪ್ರಭಾ_ತೀರ
ವಾಟರ್ ಪೇಪರ್ ಹೊಡೆಯೋ ಪದ್ಧತಿ ಬರೀತೀನಿ, ಎಲ್ಲಾರೂ ನಂಬರ್ ಹೇಳ್ತಾರೆ, ಕೈ ಹೆಂಗ ಆಡಿಸಬೇಕು ಅಂತ ಹೇಳಂಗಿಲ್ಲ.

ಪೇಪರನ್ನ 15 ನಿಮಿಷ ನೀರಲ್ಲಿ ನೆನೆಸಿ. ನೀರಿಗೆ ಪಾತ್ರೆ ಲಿಕ್ವಿಡ್ ಎರಡು ಹನಿ, ಪೇಪರ್ ಕಟ್ಟಿಕೊಳ್ಳೋದು ಕಮ್ಮಿ ಆಗತದೆ. ಬೆರಳ ಮೇಲೆ ಪೇಪರ್ ಹಿಡಿದು ಉಜ್ಜಿದರೆ ಬೆರಳಿನ ಗುಂಟ ತಗ್ಗು ಬೀಳತದೆ, ಬಫ್ ಮಾಡಿದ ಮೇಲೆ ಬಿಸಿಲಲ್ಲಿ ಅಲೆ ಅಲೆ ಕಾಣತದೆ. ಮೆತ್ತನೆ ರಬ್ಬರ್ ಬ್ಲಾಕ್ ಹಿಡೀರಿ. ಉಜ್ಜೋ ಮೊದಲು ಪೆನ್ಸಿಲ್ಲಿಂದ ಅಡ್ಡಾದಿಡ್ಡಿ ಗೆರೆ ಎಳೀರಿ, ಗೆರೆ ಪೂರ್ತಿ ಅಳಿಸಿದರೆ ಎಲ್ಲಾ ಕಡೆ ಪೇಪರ್ ತಾಗಿದೆ ಅಂತ ಅರ್ಥ. 800 ಉದ್ದಕ್ಕೆ ಹೊಡೆದರೆ 1000 ಅಡ್ಡಕ್ಕೆ, 1500 ಮತ್ತೆ ಉದ್ದಕ್ಕೆ. ದಿಕ್ಕು ಬದಲಿಸಿದರೆ ಹಿಂದಿನ ನಂಬರಿನ ಗೀರು ಉಳಿದದ್ದು ಕಣ್ಣಿಗೆ ಬೀಳತದೆ. ಪ್ರತಿ ನಂಬರ್ ಮುಗಿದ ಮೇಲೆ ಬೋಟು ತೊಳೆದು, ಬಕೀಟಿನ ನೀರೂ ಬದಲಿಸಬೇಕು. 800ರ ಒಂದು ಕಣ 1500ರ ಬಕೀಟಿಗೆ ಬಂದರೆ ಅರ್ಧ ದಿನದ ಕೆಲಸ ಹೋಯ್ತು.

ಮೂಲೆ, ಅಂಚು, ಏಣುಗಳಿಗೆ ನೀಲಿ ಟೇಪ್ ಅಂಟಿಸಿಬಿಡಿ. ಅಲ್ಲಿ ಗೆಲ್‌ಕೋಟ್ ತೆಳ್ಳಗಿರತದೆ, ಬ್ಲಾಕಿನ ಒತ್ತಡ ಎಲ್ಲಾ ಅಲ್ಲೇ ಬೀಳತದೆ. ಕೊನೆಗೆ ಟೇಪ್ ತೆಗೆದು 2000 ಪೇಪರಲ್ಲಿ ಕೈಯಿಂದ ನಾಲ್ಕು ಸಲ ಸವರಿದರೆ ಸಾಕು.

ಕೆಂಪು ರಾಡಿ ನೀರು ಬರೋದಕ್ಕೆ ಹೆದರಬೇಡಿ, ಅದು ಬರಲೇಬೇಕು. ಒರೆಸಿ ನೋಡಿದಾಗ ಕೆಂಪಿನ ಒಳಗಿಂದ ನೆಯ್ಗೆಯ ಹಾಗೆ ನಾರು ನೆರಳಾಡಿದರೆ, ಅಥವಾ ಹಸಿರು-ಕಂದು ಪಾರದರ್ಶಕ ಮಚ್ಚೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಗೆಲ್‌ಕೋಟ್ ಮುಗಿದ ಗುರುತು.

ಗುಮ್ಮಟದ_ಗಾಳಿ
ಒಣಾ ಪೇಪರ್ ಹೊಡದ್ರ ಲಗೂನ ಆಗತೈತಲ್ಲ?

ರೆಸಿನ್_ರಾಯ
ಗೀರು ಆಳವಾಗತದೆ, ಕಾವು ಏರತದೆ, ಧೂಳು ಎದೆಗೆ ಹೋಗತದೆ. ಬಿರುಕು ತುಂಬಿದ ಜಾಗ ಮಟ್ಟ ಮಾಡೋಕೆ ಒಣಗಿನ 220-320 ಬೇಕಾಗಬಹುದು, ಆಗ ಎನ್95 ಇಲ್ಲದೆ ಕೂರಬೇಡಿ. ಗಾಜಿನ ನಾರಿನ ತನಕ ಹೋದರೆ ಮೈಯೆಲ್ಲಾ ತುರಿಕೆ. ತುಂಬು ತೋಳಿನ ಅಂಗಿ, ಸ್ನಾನಕ್ಕೆ ಮೊದಲು ತಣ್ಣೀರು. ಮೊದಲೇ ಬಿಸಿನೀರು ಬೇಡ ಅಂತ ಫೈಬರ್ ಕೆಲಸದವರು ಹೇಳ್ತಾರೆ.

ಹಿನ್ನೀರ_ದಂಡಿ
ಮಷಿನ್ ಯಾವದು? ಹೆಂಗ ಹಿಡೀಬೇಕು?

ಉದ್ಯಮಬಾಗ_ಬಫರ್
ಸ್ಪೀಡ್ ಕಮ್ಮಿ-ಜಾಸ್ತಿ ಮಾಡೂ ರೋಟರಿ ಪಾಲಿಶರ್, 7 ಇಂಚಿಂದು. ಬೆಳಗಾವಿ ಉದ್ಯಮಬಾಗ ಕಡೆ ಫೌಂಡ್ರಿ, ಫ್ಯಾಬ್ರಿಕೇಶನ್ ಕೆಲಸದವ್ರು ಭಾಳ ಮಂದಿ ಅದಾರ, ಬಾಡಿಗಿಗೆ ಕೇಳಿದ್ರ ಸಿಗಬಹುದು. ಆದ್ರ ಅವ್ರ ಸ್ಟೀಲ್ ಬಫಿಂಗ್ ಸೋಪ್ ತರಬ್ಯಾಡ್ರಿ, ಅದರಾಗ ಜಿಡ್ಡ ಇರತೈತಿ. ಗೆಲ್‌ಕೋಟಿಗೆ ಅಂತನ ಬರೂ ಕಾಂಪೌಂಡ್, ಇಲ್ಲಂದ್ರ ಸಿಲಿಕೋನ್ ಇಲ್ಲದ ಹೆವಿ ಕಟ್ ರಬ್ಬಿಂಗ್ ಕಾಂಪೌಂಡ್. ಡಬ್ಬಿ ಮ್ಯಾಲ ಓದಿ ತಗೋರಿ.

ಕಾಂಪೌಂಡ್ ಪ್ಯಾಡಿಗೆ ಸುರಿಬ್ಯಾಡ್ರಿ. ಬೋಟಿನ ಮ್ಯಾಲ ನಾಕ ಬೊಟ್ಟ ಇಡ್ರಿ, ಮಷಿನ್ ಬಂದ್ ಇಟ್ಟು ಪ್ಯಾಡಿಲೆ ಹರಡ್ರಿ, ಆಮ್ಯಾಲ 600-800 ಆರ್‌ಪಿಎಂ. ಹರಡಿದ ಮ್ಯಾಲ 1,200ಕ್ಕ ಏರಸ್ರಿ. 2 ಅಡಿ ಚೌಕಕ್ಕಿಂತ ದೊಡ್ಡ ಜಾಗ ಹಿಡೀಬ್ಯಾಡ್ರಿ. ಪ್ಯಾಡ್ ಸಪಾಟ ಇರಬೇಕು, ಸ್ವಲ್ಪ ಓರೆ ನಡೀತೈತಿ, ಆದ್ರ ಅಂಚಿನ ಮ್ಯಾಲ ನಿಲ್ಲಿಸಿ ಒತ್ತಿದ್ರ ಸುಡತೈತಿ. ಮಷಿನ್ ಎಂದೂ ಒಂದ ಕಡೆ ನಿಲ್ಲಬಾರದು. ಆಗಾಗ ಅಂಗೈ ಇಟ್ಟು ನೋಡ್ರಿ: ಬೆಚ್ಚಗಿದ್ರ ಸರಿ, ಕೈ ಇಡಾಕ ಆಗಲಿಲ್ಲಂದ್ರ ನಿಲ್ಲಸ್ರಿ. ಕಾಂಪೌಂಡ್ ಒಣಗಿ ಕಟ್ಟಾಕ ಹತ್ತಿದ್ರ ಸ್ಪ್ರೇ ಬಾಟಲಿಲೆ ಎರಡ ಸಲ ನೀರ ಹೊಡೀರಿ.

ಉಣ್ಣಿ ಪ್ಯಾಡ್ ಕಟ್ಟಿಕೊಂಡ್ರ ಅದು ಹೊಳಪ ಕೊಡೂದಿಲ್ಲ, ಬರೇ ಕಾವ ಕೊಡತೈತಿ. ಎರಡ ಮೂರ ಚೌಕಕ್ಕ ಒಮ್ಮೆ ಪ್ಯಾಡ್ ಸ್ವಚ್ಛ ಮಾಡಬೇಕು. ಅದಕ್ಕಂತ ಹಲ್ಲಿನ ಚಕ್ರ ಸಿಗತೈತಿ, ಇಲ್ಲಂದ್ರ ಮೊಂಡ ಸ್ಕ್ರೂಡ್ರೈವರ್ ನಿಧಾನ ತಿರಗೂ ಪ್ಯಾಡಿಗೆ ಮೆಲ್ಲಕ ಹಿಡೀರಿ. ಕಣ್ಣಿಗೆ ಕನ್ನಡಕ ಹಾಕ್ಕೊಂಡ ಹಿಡೀರಿ. ವೈರ್ ಹೆಗಲ ಮ್ಯಾಲ ಹಾಕ್ಕೊಂಡ್ರ ಬೋಟಿಗೆ ತಿಕ್ಕೂದಿಲ್ಲ. ನೀರ ಹೊಡೀತ ಕೆಲಸ ಮಾಡೂದ ಐತಿ, ಅರ್ಥ್ ಇರೂ ಪ್ಲಗ್, ಇಎಲ್‌ಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್) ಇರೂ ಲೈನ್ ಬೇಕ ಬೇಕು.

ಕಾರ್_ಹೊಳಪು_ಬೆಳಗಾವಿ
ಕಾಕಾ ಹೇಳಿದ್ದಕ್ಕ ಒಂದ ಸೇರಸ್ತೀನಿ. ಕಾಂಪೌಂಡಿನ್ಯಾಗ ಎಣ್ಣಿ, ಫಿಲ್ಲರ್ ಇರತಾವು, ಗೀರು ಮುಚ್ಚಿ ಸುಳ್ಳ ಹೊಳಪ ತೋರಸ್ತಾವು. ಒಂದ ಚೌಕ ಮುಗದ ಮ್ಯಾಲ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅರ್ಧ, ನೀರ ಅರ್ಧ ಕೂಡಿಸಿ ಒರಸ್ರಿ, ಎಲ್‌ಇಡಿ ಬ್ಯಾಟರಿ ಓರೆ ಹಿಡದ ನೋಡ್ರಿ. ನೇರ ಗೀರು ಕಂಡ್ರ ಅದು ಪೇಪರಿಂದು, ಮತ್ತ ಕಾಂಪೌಂಡ್. ಬಳಿ ಬಳಿ ಸುತ್ತ ಗೀರು ಕಂಡ್ರ ಅದು ಉಣ್ಣಿ ಪ್ಯಾಡಿಂದು, ಅದಕ್ಕ ಫಿನಿಶಿಂಗ್ ಪಾಲಿಶ್, ಫೋಮ್ ಪ್ಯಾಡ್, ಡ್ಯುಯಲ್ ಆ್ಯಕ್ಷನ್. ಕೆಂಪ ಬೋಟಿಗೆ ಇದನ್ನ ಬಿಡಂಗ ಇಲ್ಲ. ಬಿಳಿ ಇದ್ರ ಯಾರಿಗೂ ಕಾಣೂದಿಲ್ಲ.

ಗುಮ್ಮಟದ_ಗಾಳಿ
ಏಪ್ರಿಲ್-ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟತೈತಿ. ಬಿಸಲಾಗ ನಿಂತ ಕೆಂಪ ಬೋಟಿನ ಮ್ಯಾಲ ಕೈ ಇಡಾಕ ಆಗೂದಿಲ್ಲ. ಈ ಕೆಲಸ ಯಾವಾಗ ಮಾಡೂದು?

ಮಲಪ್ರಭಾ_ತೀರ
ನವೆಂಬರ್‌ನಿಂದ ಫೆಬ್ರವರಿ. ಬೇಸಿಗೆಯಲ್ಲೇ ಮಾಡಬೇಕು ಅಂದ್ರೆ ಮುಂಜಾನೆ 6ರಿಂದ 9, ನೆರಳಲ್ಲಿ. ಬಿಸಿ ಮೈ ಮೇಲೆ ಕಾಂಪೌಂಡ್ ಹರಡೋ ಮೊದಲೇ ಒಣಗಿ ಸಿಮೆಂಟಿನ ಹಾಗೆ ಕೂತು ಬಿಡತದೆ. ವಾಟರ್ ಪೇಪರ್ ಕೆಲಸ ಮಾತ್ರ ನೆರಳಲ್ಲಿ ಯಾವಾಗ ಬೇಕಾದ್ರೂ ನಡೀತದೆ.

ತೆಪ್ಪದ_ತಮ್ಮಣ್ಣ
ಇಷ್ಟ ದುಡಿಯೂದಕ್ಕಿಂತ ಅರಿಬಿಗೆ ಡೀಸೆಲ್ ಹಚ್ಚಿ ಒರಸ್ರಿ. ಇಲ್ಲಂದ್ರ ಕೊಬ್ಬರಿ ಎಣ್ಣಿ. ಮಿಂಚತೈತಿ ನೋಡ್ರಿ!

ಘಟಪ್ರಭಾ_ಗಾಳ
ಒಂದ ವಾರ ಮಿಂಚತೈತಿ. ಪುಡಿ ಎಣ್ಣಿ ಕುಡದಾಗ ಒದ್ದಿ ಆದಂಗ ಕಾಣತೈತಿ, ಅಷ್ಟ. ಆಮ್ಯಾಲ ಎರಿ ಮಣ್ಣಿನ ಧೂಳೆಲ್ಲಾ ಬಂದ ಅಂಟತೈತಿ. ಮುಂದ ಗೆಲ್‌ಕೋಟ್ ತೇಪಿ ಹಚ್ಚಬೇಕಂದ್ರ ಹಿಡಿಯೂದಿಲ್ಲ. ಡೀಸೆಲ್ ಹಚ್ಚಿದ ಬೋಟ್ ಹೊಳ್ಯಾಗ ಬಿಟ್ರ ನೀರಿನ ಮ್ಯಾಲ ಬಣ್ಣಬಣ್ಣದ ಪೊರಿ. ಮೀನಾ ಹಿಡಿಯೂವ್ರ ಹತ್ರ ಬೈಸ್ಕೊತೀರಿ.

ಗುಮ್ಮಟದ_ಗಾಳಿ
ಫ್ಲೋರಿಗೆ ಹಚ್ಚೂ ಅಕ್ರಿಲಿಕ್ ಪಾಲಿಶ್ ಐದಾರ ಪದರ ಬಳದ್ರ ಹೊಸಾದ್ರಂಗ ಆಗತೈತಿ ಅಂತ ವಿಡಿಯೋ ನೋಡೀನಿ. ಉಜ್ಜೂದ ಬ್ಯಾಡಂತ.

ರೆಸಿನ್_ರಾಯ
ಆಗತದೆ, ಅದು ಸುಳ್ಳಲ್ಲ. ಒಂದು ಹಂಗಾಮು ಚೆನ್ನಾಗಿರತದೆ. ನಮ್ಮ ಬಿಸಿಲಿಗೆ ಮುಂದಿನ ವರ್ಷ ಹಳದಿಯಾಗಿ ಹೆಪ್ಪಳಿಕೆ ಏಳತದೆ, ಎಲ್ಲಾ ಏಕ ಕಾಲಕ್ಕೆ ಏಳೋದೂ ಇಲ್ಲ. ತೆಗೆಯೋಕೆ ಅಮೋನಿಯಾ ಸ್ಟ್ರಿಪ್ಪರ್ ಹಾಕಿ ತಿಕ್ಕಬೇಕು. ಮಾರೋದಕ್ಕೆ ಮೊದಲು ಹೊಳಪು ಬೇಕಾದವರಿಗೆ ಅದು ಸರಿ. ಇಟ್ಟುಕೊಳ್ಳೋವರಿಗೆ ಬೇಡ.

ಹಿನ್ನೀರ_ದಂಡಿ
ಮೂತಿ ಹತ್ರದ ಬಿರುಕಿಗೆ ಏನ ಮಾಡ್ಲಿ? ಎಂ-ಸೀಲ್ ತುಂಬಿ ಮ್ಯಾಲ ಕೆಂಪ ಬಣ್ಣ ಹಚ್ಚಿದ್ರ?

ರೆಸಿನ್_ರಾಯ
ಬೇಡ. ಎಂ-ಸೀಲ್ ಅಂದ್ರೆ ಎಪಾಕ್ಸಿ, ಅದನ್ನ ತುಂಬಿದ ಮೇಲೆ ಪಾಲಿಯೆಸ್ಟರ್ ಗೆಲ್‌ಕೋಟ್ ಸರಿಯಾಗಿ ಗಟ್ಟಿಯಾಗೋದಿಲ್ಲ, ಹಿಡಿತವೂ ಕಮ್ಮಿ. ಮೊದಲು ಬಿರುಕಿನ ಆಕಾರ ನೋಡಿ. ನಕ್ಷತ್ರದ ಹಾಗೆ ಒಂದು ಬಿಂದುವಿನಿಂದ ಹರಡಿದ್ರೆ ಪೆಟ್ಟು ಬಿದ್ದದ್ದು, ತುಂಬಿದರೆ ನಿಲ್ಲತದೆ. ಒಂದೇ ದಿಕ್ಕಿಗೆ ಸಾಲು ಸಾಲು ಇದ್ರೆ ಆ ಜಾಗ ಬಳುಕತಾ ಇದೆ. ಒಳಗಿಂದ ಮ್ಯಾಟ್ ಕೂರಿಸಿ ಗಟ್ಟಿ ಮಾಡದೆ ಮೇಲೆ ಏನು ತುಂಬಿದ್ರೂ ಮತ್ತೆ ಬಿರೀತದೆ. ಹೆಬ್ಬೆರಳಿಂದ ಒತ್ತಿ ನೋಡಿ, ಗೊತ್ತಾಗತದೆ.

ತುಂಬೋ ಕ್ರಮ: ಕೂದಲೆಳೆ ಬಿರುಕಿಗೆ ಗೆಲ್‌ಕೋಟ್ ಇಳಿಯೋದಿಲ್ಲ. ಸಣ್ಣ ರೋಟರಿ ಟೂಲಿನಿಂದ ಅದನ್ನು 'ವಿ' ಆಕಾರಕ್ಕೆ ಅಗಲ ಮಾಡಬೇಕು, ಬಿರುಕಿನ ತಳ ಸಿಗೋ ತನಕ. ಅಸಿಟೋನಿಂದ ಒರೆಸಿ, ಆರಲು ಬಿಡಿ. ಗೆಲ್‌ಕೋಟ್ ಅಂಗಡಿಯಿಂದ ತರುವಾಗ ಕೋಬಾಲ್ಟ್ (ಗಟ್ಟಿಯಾಗೋದನ್ನ ಚುರುಕು ಮಾಡೋ ದ್ರವ) ಮೊದಲೇ ಸೇರಿದೆಯಾ ಕೇಳಿ. ಸೇರಿದ್ರೆ 100 ಗ್ರಾಂಗೆ ಎಂಇಕೆಪಿ ಹಾರ್ಡ್ನರ್ 1.5ರಿಂದ 2 ಗ್ರಾಂ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ, ಹೆಚ್ಚುಕಮ್ಮಿ ಅಷ್ಟೇ ಎಂಎಲ್. ನಿಮಗೆ ಬೇಕಾಗೋದು ಒಂದು ಸಲಕ್ಕೆ 20-25 ಗ್ರಾಂ ಮಾತ್ರ, ಹಾಗಾಗಿ ಅಂದಾಜು ಮಾಡಬೇಡಿ. ಬಿಸಿಲಿದ್ದರೆ 1.5 ಸಾಕು. ಒಂದಕ್ಕಿಂತ ಕೆಳಗೆ ಇಳಿಸಿದರೆ ಎಂದೂ ಪೂರ್ತಿ ಗಟ್ಟಿಯಾಗೋದಿಲ್ಲ.

ಬಾದಾಮಿ_ಕಲ್ಲು
ಇದನ್ನ ದೊಡ್ಡಕ್ಷರದಲ್ಲಿ ಓದ್ಕೊಳ್ಳಿ: ಕೋಬಾಲ್ಟ್ ಮತ್ತು ಎಂಇಕೆಪಿ ನೇರ ಒಂದಕ್ಕೊಂದು ಸೇರಬಾರದು. ಬೆಂಕಿ ಹತ್ತತದೆ, ಸಿಡಿಯಲೂಬಹುದು. ಕೋಬಾಲ್ಟ್ ಬೇರೆ ಕೊಟ್ಟಿದ್ದರೆ ಮೊದಲು ಅದನ್ನ ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಮಾತ್ರ ಎಂಇಕೆಪಿ. ಒಂದೇ ಸಿರಿಂಜ್ ಎರಡಕ್ಕೂ ಬಳಸಬೇಡಿ. ಎಂಇಕೆಪಿ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಬಿದ್ದರೆ 15 ನಿಮಿಷ ನೀರು ಹಾಕ್ತಾ ತೊಳೆದು ನೇರ ಕಣ್ಣಿನ ಡಾಕ್ಟರ ಹತ್ರ.

ಎರಿ_ಹೊಲ
ಗೆಲ್‌ಕೋಟ್ ತೇಪಿ ಹಚ್ಚಿ ಎರಡ ದಿನ ಆದ್ರೂ ಮ್ಯಾಲ ಅಂಟಂಟ ಇರತೈತಿ ಅಂತಾರ ಭಾಳ ಮಂದಿ. ಹಾರ್ಡ್ನರ್ ಕಮ್ಮಿ ಆತು ಅಂತ ಮುಂದಿನ ಸಲ ಜಾಸ್ತಿ ಹಾಕ್ತಾರ.

ರೆಸಿನ್_ರಾಯ
ಹಾರ್ಡ್ನರ್ ತಪ್ಪಲ್ಲ, ಗಾಳಿಯ ತಪ್ಪು. ಗಾಳಿಯ ಆಮ್ಲಜನಕ ತಾಗೋ ಕಡೆ ಗೆಲ್‌ಕೋಟ್ ಗಟ್ಟಿಯಾಗೋದಿಲ್ಲ. ಅಚ್ಚಿನಲ್ಲಿ ಹೊಡೆಯುವಾಗ ಹೊರಮೈ ಅಚ್ಚಿಗೆ ಅಂಟಿರತದೆ, ಗಾಳಿ ತಾಗೋದಿಲ್ಲ. ತೇಪೆಗೆ ಆ ರಕ್ಷಣೆ ಇಲ್ಲ. ಎರಡು ದಾರಿ: ಸ್ಟೈರೀನಿನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣ ಅಂಗಡಿಯವರು ಹೇಳಿದ ಅಳತೆಗೆ ಬೆರೆಸೋದು, ಅದು ಮೇಲೆ ತೇಲಿ ಮುಚ್ಚಿಕೊಳ್ಳತದೆ. ಅಥವಾ ಸಣ್ಣ ತೇಪೆಗೆ ಬೈಂಡಿಂಗ್ ಅಂಗಡಿಯ ಪಾರದರ್ಶಕ ಹಾಳೆ ಒತ್ತಿ ಟೇಪ್ ಹಚ್ಚೋದು. ಹಾಳೆ ಹಾಕಿದರೆ ಉಜ್ಜೋ ಕೆಲಸವೂ ಅರ್ಧ ಆಗತದೆ. ತೇಪೆ ಸುತ್ತಲಿನ ಮಟ್ಟಕ್ಕಿಂತ ಸ್ವಲ್ಪ ಉಬ್ಬಿರಲಿ, ಗಟ್ಟಿಯಾಗುವಾಗ ಕುಗ್ಗತದೆ. ಮರುದಿನ 320, 600, 800, ಆಮೇಲೆ ಬೋಟಿನ ಜೊತೆಗೇ 1000.

ಬಣ್ಣ ಹೊಂದಿಸೋದು ಕಷ್ಟ. ಬೋಟು ಪೂರ್ತಿ ಉಜ್ಜಿ ಹೊಳಪು ಬಂದ ಮೇಲೆ ಹೊಂದಿಸಿ, ಮಾಸಿದ ಬಣ್ಣಕ್ಕೆ ಹೊಂದಿಸಬೇಡಿ. ಪಾಲಿಯೆಸ್ಟರ್ ಪಿಗ್ಮೆಂಟ್ ಪೇಸ್ಟ್ ಫೈಬರ್ ಬಾಗಿಲು, ನೀರಿನ ಟಾಕಿ ಮಾಡೋವರ ಹತ್ರ ಇರತದೆ.

ತೆಪ್ಪದ_ತಮ್ಮಣ್ಣ
ಟಾಕಿ ಅಂದ ಕೂಡಲೇ ನೆನಪಾತು. ಮಾಳಗಿ ಮ್ಯಾಲಿನ ಕರೇ ಪ್ಲಾಸ್ಟಿಕ್ ಟಾಕಿ ಬೂದ ಬಣ್ಣ ಆಗೇತಿ. ಅದಕ್ಕೂ ಬಫ್ ಹೊಡೀಬಹುದೇನು?

ರೆಸಿನ್_ರಾಯ
ಅದು ಪಾಲಿಥೀನ್, ರೆಸಿನ್ ಅಲ್ಲ. ಬಫ್ ಹೊಡೆದರೆ ಕರಗಿ ಪ್ಯಾಡಿಗೆ ಅಂಟತದೆ. ಬಿಟ್ಟುಬಿಡಿ, ನೀರು ತುಂಬಿಸಿದ್ರೆ ಸಾಕು ಅದಕ್ಕೆ. ಎಫ್‌ಆರ್‌ಪಿ (ಫೈಬರ್) ಬಾಗಿಲಿಗೆ ಮಾತ್ರ ಗೆಲ್‌ಕೋಟ್ ಇದ್ದರೆ ಇದೇ ಪದ್ಧತಿ ನಡೀತದೆ.

ಹಿನ್ನೀರ_ದಂಡಿ
ಬಿಳಿ ಡೆಕ್‌ದ ಮಾತ ಮರತ್ರಿ. ಜಾರದಂಗ ಅಂತ ಅಲ್ಲಿ ಸಣ್ಣ ಹರಳಿನ ವಿನ್ಯಾಸ ಐತಿ.

ಘಟಪ್ರಭಾ_ಗಾಳ
ಅಲ್ಲಿ ಪೇಪರ್ ಬ್ಯಾಡ, ಉಣ್ಣಿ ಪ್ಯಾಡೂ ಬ್ಯಾಡ. ಹರಳಿನ ತುದಿ ಸವದ್ರ ಕಾಲ ಜಾರತೈತಿ. ನೈಲಾನ್ ಬ್ರಶ್ಶಿಗೆ ಮೆತ್ತಗಿನ ಕಾಂಪೌಂಡ್ ಹಾಕಿ ತಿಕ್ಕ್ರಿ. ಹಳದಿಗೆ ಆಕ್ಸಾಲಿಕ್ ಒಂದ ಸಲ ನೋಡ್ರಿ, ಕಲೆ ಇದ್ರ ಹೋಗತೈತಿ, ಬಿಸಲಿಗೆ ಹಳದಿ ಆಗಿದ್ರ ಹೋಗೂದಿಲ್ಲ. ನಿಲ್ಲೂ ಜಾಗಕ್ಕ ವ್ಯಾಕ್ಸ್ ಹಚ್ಚಬ್ಯಾಡ್ರಿ ಮತ್ತ.

ಕಾರ್_ಹೊಳಪು_ಬೆಳಗಾವಿ
ವ್ಯಾಕ್ಸ್ ಮಾತ ಬಂತು. ಪಾಲಿಶ್ ಆದ ದಿನಾನ ಹಚ್ಚಬೇಕು, ನಾಳೆ ಅನ್ನಬ್ಯಾಡ್ರಿ. ಉಜ್ಜಿದ ಗೆಲ್‌ಕೋಟಿನ ರಂಧ್ರ ತೆರದಿರತಾವು. ಕಾರ್ನೋಬಾ ಪೇಸ್ಟ್ ವ್ಯಾಕ್ಸ್ ಎರಡ ಪದರ, ತೆಳ್ಳಗ. ನಮ್ಮ ಬಿಸಲಿಗೆ ಎರಡ ಮೂರ ತಿಂಗಳ ಮ್ಯಾಲ ಅದು ಇರೂದಿಲ್ಲ. ಪಾಲಿಮರ್ ಸೀಲಂಟ್ ಹಚ್ಚಿದ್ರ ಅದಕ್ಕಿಂತ ಹೆಚ್ಚ ಬಾಳತೈತಿ. ನೀರ ಹನಿ ಕಟ್ಟೂದು ನಿಂತ್ರ ಮತ್ತ ಹಚ್ಚೂ ಟೈಮ್ ಆತು.

ಮಲಪ್ರಭಾ_ತೀರ
ವ್ಯಾಕ್ಸಿಗಿಂತ ನೆರಳು ದೊಡ್ಡದು. ಆದರೆ ತಾಡಪತ್ರಿ ನೇರ ಬೋಟಿನ ಮೇಲೆ ಹೊದಿಸಿ ಹಗ್ಗ ಕಟ್ಟಬೇಡಿ. ಗಾಳಿಗೆ ಅದು ಬಡಿದು ಬಡಿದು ಧೂಳಿನ ಜೊತೆ ಗೆಲ್‌ಕೋಟ್ ಉಜ್ಜತದೆ, ಒಳಗೆ ಹಬೆ ಕಟ್ಟತದೆ. ಬಿದಿರಿನ ಕಮಾನು ಮಾಡಿ ಒಂದು ಗೇಣು ಅಂತರ ಬಿಟ್ಟು ಹೊದಿಸಿ, ಎರಡು ತುದಿ ತೆರೆದಿರಲಿ.

ಹಿನ್ನೀರ_ದಂಡಿ
ಸಾಮಾನಿನ ಲೆಕ್ಕ ಯಾರೂ ಹೇಳವಲ್ರಿ.

ಉದ್ಯಮಬಾಗ_ಬಫರ್
16 ಅಡಿ ಅಂದ್ರ 4.9 ಮೀಟರ್. ನೀರಿನ ಗೆರಿ ಮ್ಯಾಲಿನ ಎತ್ತರ 60 ಸೆಂಟಿಮೀಟರ್ ಹಿಡದ್ರ ಒಂದ ಬಾಜು 3 ಚದರ ಮೀಟರ್, ಎರಡೂ ಬಾಜು 6, ಹಿಂದಿನ ಹಲಗಿ 1. ಒಟ್ಟ 7. ಅದಕ್ಕ ಹೆವಿ ಕಟ್ ಕಾಂಪೌಂಡ್ 1 ಲೀಟರ್, ಫಿನಿಶಿಂಗ್ ಪಾಲಿಶ್ ಅರ್ಧ ಲೀಟರ್ ಸಾಕ್ರಿ. ಉಣ್ಣಿ ಪ್ಯಾಡ್ 2, ಫೋಮ್ 2. ಪೇಪರ್ 800, 1000, 1500 ತಲಾ 8 ಹಾಳಿ, 2000 ನಾಕ. ಒಂದ ಹಾಳಿ ನಾಕ ತುಂಡ ಮಾಡ್ಕೋರಿ. ಪೇಪರಿನ್ಯಾಗ ಜುಗ್ಗತನ ಮಾಡಬ್ಯಾಡ್ರಿ, ಸವದ 800 ಅಂದ್ರ 1000 ಅಲ್ಲ, ಅದು ಬರೇ ತಿಕ್ಕತೈತಿ, ಕೊರಿಯೂದಿಲ್ಲ. ಎಂಟಿಓ 2 ಲೀಟರ್, ಹಳೇ ಬನಿಯನ್ ಅರಿಬಿ ಒಂದ ಚೀಲ.

ಎರಿ_ಹೊಲ
ಉಜ್ಜಿದ ಮ್ಯಾಲ ಅಲ್ಲಲ್ಲಿ ಬಿಳಿ ಚುಕ್ಕಿ ಕಂಡ್ರ ಹೆದರಬ್ಯಾಡ್ರಿ. ಗೆಲ್‌ಕೋಟಿನ್ಯಾಗಿನ ಗಾಳಿಗುಳ್ಳಿ ತೆರದು ಅದರಾಗ ಕಾಂಪೌಂಡ್ ತುಂಬಿರತೈತಿ. ಹಲ್ಲಿನ ಬ್ರಶ್ಶಿಗೆ ಎಂಟಿಓ ಹಚ್ಚಿ ತಿಕ್ಕಿದ್ರ ಹೋಗತೈತಿ.

ಗುಮ್ಮಟದ_ಗಾಳಿ
ಒಂದ ವ್ಯಾಳೆ ಉಜ್ಜಿ ಉಜ್ಜಿ ನಾರ ಕಂಡ್ರ?

ರೆಸಿನ್_ರಾಯ
ಆಗ ಪೇಂಟ್, ಆದರೆ ಎನಾಮಲ್ ಅಲ್ಲ. 320ರಿಂದ ಮ್ಯಾಟ್ ಮಾಡಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ 2ಕೆ ಪಿಯು ಎರಡು-ಮೂರು ಕೋಟ್. ಫೋಮ್ ರೋಲರಿಂದ ಹಚ್ಚಿ ತಕ್ಷಣ ಮೆತ್ತನೆ ಬ್ರಶ್ಶಿನ ತುದಿಯಿಂದ ಸವರಿದರೆ ರೋಲರಿನ ಗುಳ್ಳೆ ಹೋಗತದೆ. ಸ್ಪ್ರೇ ಮಾಡಿದರೆ ಪಿಯು ಹಾರ್ಡ್ನರಿನಲ್ಲಿರೋ ಐಸೊಸೈನೇಟ್ ಅನ್ನೋ ವಿಷ ಉಸಿರಿಗೆ ಹೋಗತದೆ, ಬಟ್ಟೆ ಮಾಸ್ಕ್ ಅದನ್ನ ತಡೆಯೋದಿಲ್ಲ. ಬೂತಿಲ್ಲದೆ ಮನೆ ಅಂಗಳದಲ್ಲಿ ಸ್ಪ್ರೇ ಬೇಡ. ಕಾರಿನ ಪಿಯು ನೀರಿನ ಗೆರೆ ಮೇಲೆ ನಡೀತದೆ. ಸದಾ ನೀರಲ್ಲಿ ಮುಳುಗಿರೋ ಭಾಗಕ್ಕೆ ಹಚ್ಚಿದರೆ ಗುಳ್ಳೆ ಏಳತದೆ.

ಹಿನ್ನೀರ_ದಂಡಿ
ಪರೀಕ್ಷಾ ಚೌಕ ಹೊಡದೆ. ಬರೇ ಕಾಂಪೌಂಡಿಗೆ ಬರಲಿಲ್ಲ, 1000ಕ್ಕ ಬಂತು. ಒಂದ ಸಂಶೆ: ಬಾಜೂಕ ಹಳೇ ನಂಬರ್ ಸ್ಟಿಕರ್ ಇತ್ತು. ಹೇರ್ ಡ್ರೈಯರ್‌ಲೆ ಕಾಸಿ ತೆಗದೆ. ಅಕ್ಷರದ ಜಾಗ ಮಾತ್ರ ಕಡು ಕೆಂಪ ಉಳದೈತಿ. ಅಲ್ಲಿ ಜಾಸ್ತಿ ಉಜ್ಜಲೇನು?

ಉದ್ಯಮಬಾಗ_ಬಫರ್
ಬ್ಯಾಡ್ರಿ! ಅಲ್ಲಿ ಬಿಸಲ ಬಿದ್ದಿಲ್ಲ, ಅದು ಮೂಲ ಬಣ್ಣ. ಉಜ್ಜಬೇಕಾದ್ದು ಅದರ ಸುತ್ತಲಿಂದು. ಸುತ್ತ 800 ಹಿಡದ್ರ ಭೇದ ಭಾಳಷ್ಟ ಕಮ್ಮಿ ಆಗತೈತಿ, ಪೂರ್ತಿ ಹೋಗೂದಿಲ್ಲ.

ಮಲಪ್ರಭಾ_ತೀರ
ಹೊಸ ನಂಬರನ್ನ ಅದೇ ಜಾಗಕ್ಕೆ, ಅದೇ ಅಳತೆ ಅಕ್ಷರದಲ್ಲಿ ಅಂಟಿಸಿಬಿಡಿ. ವ್ಯಾಕ್ಸ್ ಹಚ್ಚೋ ಮೊದಲು ಅಂಟಿಸಿ, ವ್ಯಾಕ್ಸ್ ಮೇಲೆ ಸ್ಟಿಕರ್ ನಿಲ್ಲೋದಿಲ್ಲ.